ಹಗುರ ಕೋವಿಯ ಒದೆತ

ಅಂಕಲ್, ನಿಮ್ಮ ಭುಜ ಸೋತಿರಲಿಲ್ಲ. ಸೋತಿದೆ ಎಂದು ನಿಮಗೇ ಅನಿಸಲಿ ಎಂದು ಆ ಕೋವಿಯ ಅಳತೆಯನ್ನು ಆರಿಸಿದವಳು ನಾನು. ತಿಳಿಯದೆ ಆದದ್ದಲ್ಲ — ಲೆಕ್ಕ ಹಾಕಿ, ಇನ್ನೊಮ್ಮೆ ನೋಡಿ, ಆಮೇಲೆ ಆರಿಸಿದ್ದು.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಡಾಲಸ್ ಕಡೆ ಬಂದಾಗಲೆಲ್ಲ ಪ್ರಾಸ್ಪರ್‌ಗೆ, ನಿಮ್ಮ ಮಗನ ಮನೆಗೆ, ಬಂದಿದ್ದೇನೆ. ನೀವು ಬಾಗಿಲು ತೆಗೆದಿದ್ದೀರಿ, ನಾನು ಸೆಕೆಯ ಬಗ್ಗೆ ಮಾತಾಡಿದ್ದೇನೆ. ಕಾಫಿ ಕುಡಿದಿದ್ದೇನೆ. ಹೊರಡುವಾಗ ನೀವು ಎಡಗೈಯಿಂದ ಕಾರಿನ ಬಾಗಿಲು ಮುಚ್ಚಿದ್ದೀರಿ — ಬಲಗೈಯಿಂದ ಮುಚ್ಚುವುದನ್ನು ನೀವು ಬಿಟ್ಟೇಬಿಟ್ಟಿದ್ದೀರಿ ಎಂಬುದು ನನಗೆ ಕಾಣದೆ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಕೆಲವು ಸಂಗತಿ ನಿಮಗೆ ಗೊತ್ತು. ಗೊತ್ತಿಲ್ಲದ್ದು ಅವುಗಳ ನಡುವೆಯೇ ಇದೆ.

ಹ್ಯೂಸ್ಟನ್ನಿಗೆ ಓದಲು ಬಂದಾಗ ನನಗೆ ಪರಿಚಯದವರೆಂದರೆ ನೀವೊಬ್ಬರೇ, ಅಪ್ಪನ ಹಳೆಯ ಸ್ನೇಹಿತರು. ಅರಿವಳಿಕೆ ಡಾಕ್ಟರಾಗಿ ನಿವೃತ್ತರಾಗಿದ್ದಿರಿ. ಶನಿವಾರ ಬಂದು ನನ್ನನ್ನು ಹತ್ತಿಸಿಕೊಂಡು, ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಯಲ್ಲಿ ಆಂಟಿ ಹೇಳಿದ ಅಕ್ಕಿತರಿ, ತೆಂಗಿನಕಾಯಿ ಕೊಂಡು, ದ ವುಡ್‌ಲ್ಯಾಂಡ್ಸ್‌ನ ಮನೆಗೆ ಕರೆದೊಯ್ಯುತ್ತಿದ್ದಿರಿ. ಆಂಟಿ ನಿಮಗೆ ಕಡಂಬಿಟ್ಟಿನ ಉಂಡೆಗಳ ಜೊತೆ ಹಂದಿ ಸಾರು, ನನಗೆ ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಸಾರು ಮಾಡುತ್ತಿದ್ದರು. ಕೊಡಗಿನ ಮನೆಯಲ್ಲಿ ಮೈಸೂರಿನ ಸಸ್ಯಾಹಾರಿ ಹುಡುಗಿ. ನಿಮಗೆ ಅದೊಂದು ತಮಾಷೆ.

ಒಂದು ಮಧ್ಯಾಹ್ನ ಬೀರುವಿನಿಂದ ರೈಫಲ್ ತೆಗೆದು, ಖಾಲಿ ಇದೆಯೆಂದು ತೋರಿಸಿ, ನನ್ನ ಮುಂದೆ ಹಿಡಿದಿರಿ.

“ಸೊಪ್ಪು ತಿನ್ನೋ ಇಂಜಿನಿಯರಮ್ಮ, ಮುಟ್ಟಿದ್ರೆ ಮಡಿ ಹೋಗುತ್ತಾ?”

ತೆಗೆದುಕೊಂಡೆ. ಅದರ ಹಗುರಕ್ಕೆ ಬೆಚ್ಚಿದ್ದು ನೆನಪಿದೆ. ಗುಡ್ಡ ಹತ್ತುವ ಬೇಟೆಗಾರನಿಗೆಂದು ಮಾಡಿದ್ದು, ಎಲ್ಲಿ ಸಾಧ್ಯವೋ ಅಲ್ಲೆಲ್ಲ ತೂಕ ಕಳೆದದ್ದು. ನಿಮಗೆ ಟೆಕ್ಸಸ್ಸಿನ ಕಾಡನ್ನು ಕಲಿಸಿದ ಹಿರಿಯ ಸರ್ಜನ್ ಸಾಯುವ ಮುಂಚೆ ನಿಮಗೆ ಕೊಟ್ಟದ್ದು. ನಳಿಗೆಯ ಮೇಲೆ ಅವರ ಹೆಸರಿನ ಮೊದಲಕ್ಷರಗಳಿದ್ದವು. ನನ್ನಂಥ ವಿದ್ಯಾರ್ಥಿ ವೀಸಾದವರು ಕೋವಿ ಹಿಡಿಯಬೇಕಾದರೆ ಬೇಟೆಯ ಲೈಸೆನ್ಸ್ ಬೇಕೆಂದು ನನಗೆ ಅದನ್ನು ಮಾಡಿಸಿ, ಗುಂಡು ಹೊಡೆಯುವುದನ್ನೂ ಕಲಿಸಿದಿರಿ. ಜಿಂಕೆಗೆ ನಾನು ಹೊಡೆಯಲಿಲ್ಲ, ನೀವು ಒತ್ತಾಯಿಸಲೂ ಇಲ್ಲ.

ಆಮೇಲೆ ಚಂಡಮಾರುತದ ಮಳೆಗೆ ನಿಮ್ಮ ಮನೆಯೊಳಗೆ ನೀರು ನುಗ್ಗಿತು. ನೀವಿಬ್ಬರೂ ಮಹಡಿಯಲ್ಲಿದ್ದಿರಿ, ಕೋವಿ ಕೆಳಗಿನ ಬೀರುವಿನಲ್ಲಿತ್ತು. ನೀರು ಇಳಿದು ಬೀರು ತೆರೆಯುವಷ್ಟರಲ್ಲಿ ನಳಿಗೆಯ ಒಳಗೆ ತುಕ್ಕು ಹಿಡಿದಿತ್ತು. ಹೊಸ ನಳಿಗೆ ಹಾಕಿಸುವುದು ಸುಲಭ, ಆದರೆ ಆ ಅಕ್ಷರಗಳು ಹೋಗುತ್ತವೆ. ಹಾಗಾಗಿ ರೀಬೋರ್ — ಅದೇ ನಳಿಗೆಯ ರಂಧ್ರವನ್ನು ತುಕ್ಕು ಹೋಗುವಷ್ಟು ಕೊರೆದು ದೊಡ್ಡದು ಮಾಡುವುದು, ಗುಂಡನ್ನು ತಿರುಗಿಸುವ ಹೊಸ ಗೀರುಗಳನ್ನು ಒಳಗೆ ಹಾಕುವುದು. ಆಸ್ಟಿನ್ನಿನ ಹೊರಗೆ ಅದನ್ನು ಮಾಡುವವನೊಬ್ಬನಿದ್ದ. ಅವನು ಕೇಳಿದ್ದು ಒಂದೇ: ಯಾವ ಕ್ಯಾಲಿಬರ್, ಅಂದರೆ ಎಷ್ಟು ಅಗಲದ ರಂಧ್ರ?

ಎರಡು ದಾರಿ ಇದ್ದವು. ಇಂಚಿನ ನೂರು ಭಾಗದಲ್ಲಿ ಮೂವತ್ತು, ಇಲ್ಲವೇ ಮೂವತ್ತೈದು. ಮೂವತ್ತು ಹಳೆಯದಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಮೂವತ್ತೈದು ಮಧ್ಯಮ ಗಾತ್ರದ್ದು. ಜಿಂಕೆಗಿಂತ ದೊಡ್ಡ ಪ್ರಾಣಿಗೆ, ಭಾರದ ಗುಂಡಿಗೆ. ನಾನು ಲೋಹಶಾಸ್ತ್ರದ ವಿದ್ಯಾರ್ಥಿನಿ. ನಳಿಗೆಯೊಳಗಿನ ಫೋಟೋಗಳನ್ನು ನನಗೆ ಕಳಿಸಿ, ನೋಡಿ ಹೇಳು ಅಂದಿರಿ. ಕಾಡಿನ ವಿಷಯದಲ್ಲಿ ಯಾರ ಮಾತನ್ನೂ ಕೇಳದ ನೀವು.

ಫೋಟೋ ನೋಡಿದೆ. ತುಕ್ಕಿನ ಗುಳಿಗಳು ಆಳವಾಗಿರಲಿಲ್ಲ. ಮೂವತ್ತು ಸಾಕಿತ್ತು.

ಅದನ್ನು ನಿಮಗೆ ಹೇಳುವ ಮೊದಲು ಇನ್ನೊಂದು ಮಾತು ನನ್ನ ಕಿವಿಗೆ ಬಿದ್ದಿತ್ತು. ನೀರು ನುಗ್ಗುವ ಹಿಂದಿನ ಬೇಟೆಯ ಕಾಲದಲ್ಲಿ ನೀವು ಒಬ್ಬರೇ ಹೋಗಿ ಹಿಂದಿರುಗುವಾಗ ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಆಂಟಿಗೆ ಫೋನ್ ಮಾಡಿದ್ದಿರಿ. ಮನೆ ಯಾವ ಕಡೆ ಎಂದು ಕೇಳಿದ್ದಿರಿ. ಸ್ವಲ್ಪ ಹೊತ್ತಿನಲ್ಲಿ ಸರಿಹೋಯಿತು, ದಣಿವು ಅಂದಿರಿ. ಮರುದಿನ ನಿಮಗೆ ಆ ಫೋನಿನ ನೆನಪೇ ಇರಲಿಲ್ಲ. ಆಂಟಿ ಅದನ್ನು ಮಗನಿಗೂ ಹೇಳಲಿಲ್ಲ. ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು, ನನ್ನೊಬ್ಬಳಿಗೆ ಹೇಳಿದರು.

“ಕೋವಿ ಹಾಳಾಯ್ತಲ್ಲ, ದೇವರು ದೊಡ್ಡವನು ಅಂದ್ಕೊಂಡೆ. ಈಗ ರಿಪೇರಿ ಅಂತಿದ್ದಾರೆ. ನೀನು ಹೇಳಿದ್ರೆ ಕೇಳ್ತಾರೆ ಮರಿ. ಸಾಕು ಬಿಡಿ ಅಂತ ಒಂದು ಮಾತು ಹೇಳು.”

ಆಂಟಿ ಕೇಳಿದ್ದು ಅಷ್ಟೇ. ಒಂದು ಮಾತು. ದಯವಿಟ್ಟು ಅವರ ಮೇಲೆ ಸಿಟ್ಟಾಗಬೇಡಿ — ಉಳಿದದ್ದು ಅವರಿಗೆ ಇಂದಿಗೂ ಗೊತ್ತಿಲ್ಲ.

ಆ ಮಾತನ್ನು ನಾನು ಹೇಳಲಾರದೆ ಹೋದೆ. ನಾನು ಯಾರಿಗೂ ಎದುರು ನಿಂತು ಏನನ್ನೂ ಹೇಳಿದವಳಲ್ಲ. ಹಾಗೆ ಹೇಳಿದರೆ ನಿಮ್ಮ ಮುಖದಲ್ಲಿ ಏನು ಕಾಣುತ್ತಿತ್ತೋ ಅದನ್ನು ನೋಡುವ ಧೈರ್ಯವಿರಲಿಲ್ಲ. ಅಂಕಿಗಳ ಜೊತೆಗಾದರೆ ನನಗೆ ಸಲೀಸು. ಆದ್ದರಿಂದ — ಇಲ್ಲಿ ‘ಆದ್ದರಿಂದ’ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಯಾಕೆಂದರೆ ಇದರಿಂದ ಅದು ಹುಟ್ಟಲೇಬೇಕಾಗಿರಲಿಲ್ಲ — ಒದೆತದ ಲೆಕ್ಕ ಹಾಕಿದೆ.

ಕೋವಿ ಹಗುರವಾದಷ್ಟೂ ಭುಜಕ್ಕೆ ಬೀಳುವ ಒದೆತ ಹೆಚ್ಚು. ರಂಧ್ರ ಕೊರೆದಷ್ಟೂ ಕಬ್ಬಿಣ ಕಡಿಮೆಯಾಗಿ ಕೋವಿ ಇನ್ನೂ ಹಗುರ, ಗುಂಡು ಮಾತ್ರ ಮೊದಲಿಗಿಂತ ಭಾರ. ಮೂವತ್ತೈದು ಮಾಡಿಸಿ, ಅದರ ಪೂರ್ಣ ಮದ್ದಿನ ಕಾಡತೂಸು ಹಾಕಿದರೆ, ನೀವು ಇಡೀ ಜೀವಮಾನ ಸಹಿಸಿದ ಒದೆತದ ಹತ್ತಿರ ಹತ್ತಿರ ಎರಡರಷ್ಟು. ನಾಲ್ಕು ಗುಂಡು ಹೊಡೆದರೆ ನೀವಾಗಿಯೇ ಕೋವಿ ಕೆಳಗಿಡುತ್ತೀರಿ. ಯಾರೂ ಏನೂ ಹೇಳಬೇಕಾಗಿಲ್ಲ. ಯಾರ ಮುಖವನ್ನೂ ಯಾರೂ ನೋಡಬೇಕಾಗಿಲ್ಲ. ಅದು ನನಗೆ ಆಗ ದಯೆಯಂತೆ ಕಂಡಿತ್ತು.

ಊಟದ ಮೇಜಿನಲ್ಲಿ ನಿಮಗೆ ಹೇಳಿದೆ: ಗುಳಿಗಳು ಆಳವಾಗಿವೆ, ಮೂವತ್ತಕ್ಕೆ ಹೋಗುವುದಿಲ್ಲ. ಸುಳ್ಳು. ನೀವು ಕನ್ನಡಕ ತೆಗೆದು ಯೋಚಿಸಿದಿರಿ.

“ಒದೆತ ಎಷ್ಟಿರುತ್ತೆ?”

“ಸ್ವಲ್ಪ ಜಾಸ್ತಿ ಅಂಕಲ್.”

ಅಂಕಿ ಬಾಯಲ್ಲಿತ್ತು. ‘ಸ್ವಲ್ಪ’ ಎಂದು ನನ್ನ ಪ್ರೊಫೆಸರಿಗೆ ನಾನು ಯಾವತ್ತೂ ಹೇಳಿದವಳಲ್ಲ. ಭುಜದ ಕಡೆಗೆ ರಬ್ಬರಿನ ಮೆತ್ತೆ ಹಾಕಿಸಬಹುದು, ಹಗುರ ಗುಂಡಿಗೆ ಕಡಿಮೆ ಮದ್ದು ತುಂಬಿಸಬಹುದು, ಆಗ ಮೂವತ್ತೈದು ಕೂಡ ಸಾಧುವಾಗುತ್ತದೆ — ಇದೂ ಗೊತ್ತಿತ್ತು. ಹೇಳಲಿಲ್ಲ. ಕೊರೆಯುವವನು ಫೋನಿನಲ್ಲಿ, ಹೊಡೆಯುವವರು ಯಾರು ಎಂದು ನನ್ನನ್ನು ಕೇಳಿದ. ಅಭ್ಯಾಸ ಇರುವವರು ಅಂದೆ.

ಅದನ್ನು ಮೊದಲು ಹೊಡೆದು ನೋಡಿದ ದಿನ ನಿಮಗೆ ನೆನಪಿರುತ್ತದೆ. ಆಸ್ಟಿನ್ನಿನ ಪಶ್ಚಿಮಕ್ಕೆ, ಸುಣ್ಣಕಲ್ಲಿನ ದಿಬ್ಬದ ಎದುರು, ಬೆಳಗಿನ ಚಳಿ. ಕೋವಿ ಊರುವ ಬೆಂಚಿನ ಮುಂದೆ ಕುರ್ಚಿಯಲ್ಲಿ ಕುಳಿತು ನೀವು ಮೊದಲ ಗುಂಡು ಹೊಡೆದಿರಿ. ಎರಡನೆಯದಕ್ಕೆ ಮುಂಚೆ ಕುರ್ಚಿ ಸರಿಮಾಡಿಕೊಂಡಿರಿ, ತಪ್ಪು ಕುರ್ಚಿಯದ್ದು ಎಂಬಂತೆ. ಮೂರನೆಯದಕ್ಕೆ ಕೋವಿಯ ಮೇಲಿನ ದುರ್ಬೀನಿನ ಅಂಚು ಹಿಂದಕ್ಕೆ ಹಾರಿ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿನೊಳಗೆ ಇಳಿಯಿತು. ನನ್ನ ಲೆಕ್ಕದಲ್ಲಿ ರಕ್ತವಿರಲಿಲ್ಲ ಅಂಕಲ್. ಕರವಸ್ತ್ರ ಒತ್ತಿ ಹಿಡಿದೆ. ನೀವು ನನ್ನ ಕೈ ಹಿಡಿದು ನನಗೇ ಸಮಾಧಾನ ಮಾಡಿದಿರಿ.

“ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ ಮರಿ. ಕೋವಿ ಸರಿಯಾಗಿದೆ. ಹೊಡೆಯೋನು ಮುದುಕನಾದ.”

ಆಗ ಹೇಳಬಹುದಿತ್ತು. ಕೋವಿ ಇನ್ನೂ ಬಿಸಿಯಾಗಿತ್ತು, ಸುಳ್ಳು ಇನ್ನೂ ಚಿಕ್ಕದಾಗಿತ್ತು. ನಾನು ಹತ್ತಿ ಹುಡುಕುವವಳಂತೆ ಚೀಲದೊಳಗೆ ಮುಖ ಹಾಕಿದೆ. ವಾಪಸ್ ಬರುವಾಗ ಮೊದಲ ಸಲ ಕಾರಿನ ಕೀ ನನ್ನ ಕೈಗೆ ಕೊಟ್ಟಿರಿ. ಹ್ಯೂಸ್ಟನ್ ತಲುಪುವವರೆಗೂ ನೀವು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಿರಿ. ನಿಮಗೆ ನಿದ್ದೆ ಬಂದಿದೆ ಎಂದು ನಾನು ನಂಬಿದಂತೆ ನಟಿಸಿದೆ.

ಬೇಟೆ ಮಾತ್ರ ನಿಲ್ಲುತ್ತದೆ ಅಂದುಕೊಂಡಿದ್ದೆ. ಮನುಷ್ಯನ ಬಗ್ಗೆ ನನಗೆ ಇದ್ದ ತಿಳಿವಳಿಕೆ ಅಷ್ಟೇ. ನೀವು ಹಿತ್ತಲಿನ ಕೆಲಸ ಬಿಟ್ಟಿರಿ, ಭುಜ ಅಂದಿರಿ. ದೂರದ ಪ್ರಯಾಣ ಬಿಟ್ಟಿರಿ. ಮನೆ ಮಾರಿ ಪ್ರಾಸ್ಪರ್‌ಗೆ ಹೋದಿರಿ. ಭುಜ, ಮೆಟ್ಟಿಲು, ವಯಸ್ಸು. ಕೋವಿಯನ್ನು ಆಸ್ಟಿನ್ನಿನಲ್ಲಿ ಕೆಲಸಕ್ಕೆ ಸೇರಿದ್ದ ನನಗೆ ಕೊಟ್ಟಿರಿ: “ನೀನು ಲೆಕ್ಕ ಹಾಕಿದ ಕೋವಿ. ನಿನ್ನ ಹತ್ರಾನೇ ಇರಲಿ.”

ಕಳೆದ ಕೈಲ್‌ಪೊಳ್ದಿಗೆ, ಆ ಕೋವಿಪೂಜೆಯ ಹಬ್ಬಕ್ಕೆ, ಡಾಲಸ್ಸಿನ ಕೊಡಗಿನವರೆಲ್ಲ ಸೇರಿದ ರ‍್ಯಾಂಚಿಗೆ ನನ್ನನ್ನೂ ಕರೆದಿರಿ. ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಹಿಂದೆಲ್ಲ ನೀವೇ ಗೆಲ್ಲುತ್ತಿದ್ದಿರಂತೆ. ನಿಮ್ಮ ಮೊಮ್ಮಗಳು ಮಕ್ಕಳ ಪುಟ್ಟ ಪಾಯಿಂಟ್ ಟೂಟೂ ಕೋವಿಯನ್ನು ತಂದು, “ಅಜ್ಜ, ಜಸ್ಟ್ ಒನ್ಸ್” ಅಂದಳು. ಅದಕ್ಕೆ ಒದೆತವೇ ಇಲ್ಲ. ಬೆರಳಿಂದ ತಳ್ಳಿದಷ್ಟೂ ಇಲ್ಲ. ನೀವು ನಕ್ಕು, ಬಲ ಭುಜವನ್ನು ಎಡಗೈಯಿಂದ ಮುಚ್ಚಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದಿರಿ. ಯಾರೋ ಒಬ್ಬರು, “ಡಾಕ್ಟ್ರೇ, ತೆಂಗಿನಕಾಯಿಗೆ ಹೆದರೋಕೆ ಶುರು ಮಾಡಿದ್ರಾ?” ಎಂದು ಛೇಡಿಸಿದರು. ಎಲ್ಲರೂ ನಕ್ಕರು. ಅವರು ಗುಂಡು ಹೊಡೆಯಲು ಹೋದಾಗ ನೀವು ಅವರ ಕೋಟು ಹಿಡಿದುಕೊಂಡು ನಿಂತಿರಿ.

ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಕೋವಿಗೆ ಮೆತ್ತೆ ಹಾಕಿಸಿದೆ. ಹಗುರ ಗುಂಡಿನ, ಕಡಿಮೆ ಮದ್ದಿನ ಕಾಡತೂಸು ತುಂಬಿಸಿದೆ. ಹೋದ ಭಾನುವಾರ ಅದೇ ದಿಬ್ಬದ ಎದುರು, ಅದೇ ಬೆಂಚಿನ ಮುಂದೆ ಕುಳಿತು ಅದನ್ನು ಹೊಡೆದು ನೋಡಿದೆ. ನನ್ನ ಭುಜ ನಿಮಗೆ ಗೊತ್ತು — ನೀವು ಅದನ್ನು ಕೋಟಿನ ಹ್ಯಾಂಗರ್ ಎಂದು ಹಂಗಿಸುತ್ತಿದ್ದಿರಿ. ಆ ಹ್ಯಾಂಗರಿಗೂ ನೋವಾಗಲಿಲ್ಲ. ನೀವು ಈಗಲೂ ಹೊಡೆಯಬಲ್ಲಿರಿ. ಅಂದೂ ಹೊಡೆಯಬಲ್ಲವರಾಗಿದ್ದಿರಿ. ಗುರಿಯ ಕಾಗದ ತರಲು ನಡೆದು ಹೋಗುವಾಗ ಅರ್ಧ ದಾರಿಯಲ್ಲಿ ನಿಂತುಬಿಟ್ಟೆ — ಸರಿಯಾದ ಉತ್ತರ ಇಷ್ಟು ಸುಲಭವಾಗಿತ್ತು, ನನ್ನ ಕೈಯಲ್ಲೇ ಇತ್ತು…

ಇನ್ನೊಂದು ಇದೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಭುಜ ಎಲ್ಲ ಆರೋಪವನ್ನೂ ಹೊತ್ತುಕೊಂಡಿತು, ಹಾಗಾಗಿ ಆ ಪೆಟ್ರೋಲ್ ಬಂಕಿನ ಸಂಜೆಯನ್ನು ಯಾರೂ ಎತ್ತಲಿಲ್ಲ. ನೀವು ದಾರಿ ಮರೆತಿದ್ದಿರಿ, ಮರೆತದ್ದನ್ನೂ ಮರೆತಿದ್ದಿರಿ. ಅದನ್ನು ಒಬ್ಬ ಡಾಕ್ಟರಿಗೆ ಹೇಳಿದ್ದರೆ ಮುಂದೇನೆಂದು ನೀವೇ ನಿರ್ಧರಿಸುತ್ತಿದ್ದಿರಿ. ಎಷ್ಟೋ ರೋಗಿಗಳ ಮನೆಯವರಿಗೆ ಇಂಥ ಮಾತನ್ನು ನೇರವಾಗಿ ಹೇಳಿದವರು ನೀವು. ನಿಮಗೆ ಹೇಳುವವರು ಇಲ್ಲದೆ ಹೋದರು. ನಿಮ್ಮ ಕಾಡನ್ನು ಕಿತ್ತುಕೊಂಡೆ, ಯಾಕೆ ಎಂಬುದನ್ನೂ ಕಿತ್ತುಕೊಂಡೆ. ಆ ಸಂಜೆ ಬರೀ ದಣಿವೋ, ಬೇರೇನೋ — ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲದಂತೆ ಮಾಡಿದವಳು ನಾನು.

ಇದನ್ನು ಕೇಳಿ ನೀವು ಮತ್ತೆ ಕಾಡಿಗೆ ಹೊರಟರೆ? ಆಂಟಿ ಮತ್ತೆ ಫೋನಿನ ಪಕ್ಕ ಕೂತರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆದರೆ ಇದಕ್ಕೂ ನಾನೇ ಲೆಕ್ಕ ಹಾಕಿ ಉತ್ತರ ಕೊಡುವುದು ಬೇಡ. ಒಮ್ಮೆ ಕೊಟ್ಟದ್ದು ಸಾಕು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ಬೆಳಿಗ್ಗೆ ಹೊರಡುತ್ತೇನೆ. ಡಿಕ್ಕಿಯಲ್ಲಿ ಕೋವಿ ಇರುತ್ತದೆ, ಹಗುರ ಕಾಡತೂಸಿನ ಪೆಟ್ಟಿಗೆ ಇರುತ್ತದೆ. ಆದರೆ ಅವನ್ನು ಮೊದಲು ಒಳಗೆ ತರುವುದಿಲ್ಲ — ತಂದರೆ ಅದು ಉಡುಗೊರೆಯಂತೆ ಕಾಣುತ್ತದೆ, ನೀವು ಕ್ಷಮಿಸಿಬಿಡುತ್ತೀರಿ. ಬರಿಗೈಯಲ್ಲಿ ಬಾಗಿಲು ತಟ್ಟುತ್ತೇನೆ. ಬಾಗಿಲು ತೆಗೆಯುವವರು ನೀವೇ ಆಗಿರುತ್ತೀರಿ. ಸೆಕೆಯ ಮಾತು ಆಡುವುದಿಲ್ಲ. ನಿಮ್ಮ ಹುಬ್ಬಿನ ಮೇಲಿನ ಆ ಗೆರೆಯನ್ನು ನೋಡುತ್ತಾ, ಇಲ್ಲಿ ಮೊದಲು ಬರೆದ ವಾಕ್ಯವನ್ನು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನಿಮ್ಮ ಮುಖ ಹೇಗಾಗುತ್ತದೋ, ಈ ಸಲ ಅದನ್ನು ನೋಡುತ್ತೇನೆ.