ಅಪ್ಪನ ಬಾಯಿಗೆ ಹೊಂದಿಸಿದ ಮುಳ್ಳು

ಗಾಳಿಯ ತೇವ ಅಳೆಯುವ ಯಂತ್ರವನ್ನು ಪರೀಕ್ಷಿಸುವುದು ಹೇಗೆಂದು ನಾನು ಕಲಿತದ್ದು ಸಿಗಾರ್ ಸೇದುವ ಒಬ್ಬ ಪುಣ್ಯಾತ್ಮನಿಂದ. ಫೋನಿನ ವಿಡಿಯೋದಲ್ಲಿ ಅವನು ಸಿಗಾರ್ ಇಡುವ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಳಗಿನ ತೇವ ಹೆಚ್ಚು ಕಡಿಮೆಯಾದರೆ ಎಂಥ ಅನಾಹುತ ಆಗುತ್ತದೆ ಎಂದು ಮುಖ ಸಣ್ಣದು ಮಾಡಿಕೊಂಡು ಹೇಳುತ್ತಿದ್ದ. ತಂಬಾಕಿನ ದೆಸೆಯಿಂದ ಅಪ್ಪನ ಬಾಯಿಯ ಎಡಭಾಗವನ್ನು ಕೊಯ್ದು ತೆಗೆದು ಆಗ ಆರು ತಿಂಗಳಾಗಿತ್ತು. ತಂಬಾಕಿನಿಂದ ನಮ್ಮ ಮನೆಗೆ ಆಗುವ ಉಪಕಾರ ಇದೊಂದಾದರೂ ಇರಲಿ ಎಂದು ನಾನು ಅವನ ಮಾತನ್ನು ಕೊನೆಯವರೆಗೂ ಕೇಳಿದೆ.

ವಿಧಾನ ಸರಳ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಷ್ಟು ಒದ್ದೆಯಾಗುವಂತೆ ನಾಲ್ಕು ಹನಿ ನೀರು ಬಿಡಬೇಕು. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಯಂತ್ರವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಮುಳ್ಳು ಎಪ್ಪತ್ತೈದಕ್ಕೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಹಿಂದಿರುವ ಸಣ್ಣ ತಿರುಪನ್ನು ತಿರುಗಿಸಿ ಅಲ್ಲಿಗೆ ತರಬೇಕು. ಅವಲಕ್ಕಿ ಡಬ್ಬಿ ಖಾಲಿ ಮಾಡಿ ನಾನು ಹಾಗೇ ಮಾಡಿದೆ. ಮರುದಿನ ಮುಳ್ಳು ಅರವತ್ತೆರಡರಲ್ಲಿತ್ತು, ಅಂದರೆ ಯಂತ್ರ ಹದಿಮೂರು ಕಡಿಮೆ ತೋರಿಸುತ್ತಿತ್ತು. ಅಪ್ಪನ ಎದುರಿಗೇ ತಿರುಪು ತಿರುಗಿಸಿ ಸರಿ ಮಾಡಿದೆ.

ಈ ಯಂತ್ರ ನಮಗೆ ಬೇಕಾದದ್ದು ಬೀಜಕ್ಕಾಗಿ. ಉದಗೀರದ ಧಾನ್ಯದ ಪೇಟೆಯಲ್ಲಿ ನಮ್ಮದು ರೈತರ ಮಾಲು ಮಾರಿಸಿಕೊಡುವ ಅಜ್ಜನ ಕಾಲದ ಅಡತಿ ಅಂಗಡಿ, ಹಿಂದೆ ಕಲ್ಲಿನ ಗೋದಾಮು. ಸುಗ್ಗಿ ಮುಗಿದ ಮೇಲೆ ಜಳಕೋಟ, ನಿಲಂಗಾ ಕಡೆಯ ನಾಲ್ಕೈದು ಮನೆಯವರು ಮುಂದಿನ ಬಿತ್ತನೆಗೆಂದು ಸೋಯಾಬೀನ್ ಬೀಜವನ್ನು ನಮ್ಮಲ್ಲಿ ಇಟ್ಟು ಹೋಗುತ್ತಿದ್ದರು. ಚೀಲದ ಬಾಯಿ ಹೊಲಿಯುವ ಮುಂಚೆ ಅಪ್ಪ ಪ್ರತಿ ಚೀಲದಿಂದ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿಯುತ್ತಿದ್ದರು. ಕಟ್ ಅಂದರೆ ಒಣಗಿದೆ, ಹೊಲಿಯಬಹುದು. ಮೆತ್ತಗೆ ಹಲ್ಲಿಗೆ ಅಂಟಿದರೆ ಮಾಳಿಗೆಯ ಮೇಲೆ ಹರವಬೇಕು. ಬಿತ್ತುವ ಮುಂಚೆ ನೂರು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳಕೆ ಬರುತ್ತದೆಂದು ನೋಡುವುದು ಎಲ್ಲ ಕಡೆಯ ರೂಢಿ. ನಮ್ಮಲ್ಲಿ ಬೀಜ ಇಟ್ಟವರು ಮಾತ್ರ ಆ ಗೋಜಿಗೆ ಹೋಗುತ್ತಿರಲಿಲ್ಲ. ಸಾವಕಾರರ ಬಾಯಿ ಒಪ್ಪಿದ ಮೇಲೆ ಗೋಣಿಯ ಪರೀಕ್ಷೆ ಯಾಕೆ ಎನ್ನುತ್ತಿದ್ದರು.

ಆಪರೇಷನ್ ಆದ ಮೇಲೆ ಅಪ್ಪನ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಗಂಜಿ, ತಿಳಿಸಾರು, ಹಾಲು ಅಷ್ಟೇ ಒಳಗೆ ಹೋಗುತ್ತಿದ್ದವು. ಬಿಸಿ ಯಾವುದು, ತಣ್ಣಗಿನದು ಯಾವುದು ತಿಳಿಯದೆ ಒಂದೆರಡು ಸಲ ನಾಲಿಗೆ ಸುಟ್ಟುಕೊಂಡಿದ್ದರು. ನನ್ನ ಗಂಡನ ಮನೆ ಎರಡು ಓಣಿ ಆಚೆ. ಅಂಗಡಿ ನೋಡಲು ನಾನೇ ಬರತೊಡಗಿದೆ. ಯಂತ್ರ ತರಿಸಿದವಳೂ ನಾನೇ. ಅಪ್ಪ ಅದನ್ನು ಮದುವೆ ಮನೆಗೆ ಕರೆಯದೆ ಬಂದವರನ್ನು ನೋಡುವ ಹಾಗೆ ನೋಡಿದರು.

ಆ ವರ್ಷ ರಾಶಿ ಮಾಡುವ ಹೊತ್ತಿಗೆ ಮಳೆ ಹಿಡಿದಿತ್ತು. ಬೀಜ ಬಂದಾಗಲೇ ಚೀಲಗಳು ಕೈಗೆ ತಣ್ಣಗೆ ಹತ್ತುತ್ತಿದ್ದವು. ಸರಿ ಮಾಡಿದ ಯಂತ್ರವನ್ನು ಚೀಲಗಳ ನಡುವೆ ಇಟ್ಟೆ. ಎಪ್ಪತ್ತೆಂಟು ತೋರಿಸಿತು. ಅರವತ್ತೈದು ದಾಟಿದರೆ ಬೀಜಕ್ಕೆ ಅದು ವಿಷ.

ಅಪ್ಪ ಬಂದರು. ಒಂದು ಕಾಳು ತೆಗೆದು ಬಲಗಡೆಗೆ ತಳ್ಳಿಕೊಂಡು ಕಷ್ಟಪಟ್ಟು ಕಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಯಾವ ಸದ್ದೂ ಕೇಳಲಿಲ್ಲ. ಬಾಯಿಯ ಮೂಲೆಯಿಂದ ಸೋರಿದ ಎಂಜಲನ್ನು ಟಾವೆಲ್‌ನಿಂದ ಒರೆಸಿಕೊಂಡು ಅವರು ಹೇಳಿದರು:

"ಒಣಗ್ಯಾದ. ಹೊಲಿಸು."

"ಅಪ್ಪಾ, ಈ ಮಷೀನ್ ಎಪ್ಪತ್ತೆಂಟು ತೋರಸ್ಲಕತ್ತದ..."

"ಮಷೀನಿಗಿ ಹಲ್ಲ ಅವ ಏನು?"

ಹೀಗೆ ಹೇಳಿ ನನ್ನ ಮುಖ ನೋಡಿದರು. ಆ ನೋಟ ನನಗೆ ಈಗಲೂ ನೆನಪಿದೆ. ನಲವತ್ತು ವರ್ಷ ಇಡೀ ಪೇಟೆ ಕೇಳಿದ ಬಾಯಿ ಅದು. ಊಟ ಹೋಗಿತ್ತು, ಮಾತು ತೊದಲುತ್ತಿತ್ತು, ಮುಖದ ಆಕಾರ ಕೆಟ್ಟಿತ್ತು. ಉಳಿದದ್ದು ಇದೊಂದೇ. ಇದನ್ನೂ ನೀನು ಕಸಿದುಕೊಳ್ಳುತ್ತೀಯಾ ಎಂದು ಆ ಕಣ್ಣು ಕೇಳುತ್ತಿತ್ತು.

ನಾನು ಕಸಿದುಕೊಳ್ಳಲಿಲ್ಲ. ಅಪ್ಪ ಗಾದಿಗೆ ಹೋಗಿ ಕೂತ ಮೇಲೆ ಯಂತ್ರವನ್ನು ತಿರುವಿ ಹಿಡಿದು, ಸೆರಗಿನ ಪಿನ್ನಿನಿಂದ ತಿರುಪನ್ನು ಮೊದಲು ಎಲ್ಲಿತ್ತೋ ಅಲ್ಲಿಗೇ ತಿರುಗಿಸಿದೆ. ಮುಳ್ಳು ಅರವತ್ತೈದಕ್ಕೆ ಇಳಿಯಿತು. ಅದನ್ನು ಒಯ್ದು ಅಪ್ಪನಿಗೆ ತೋರಿಸಿ, "ನಾನೇ ತಪ್ಪು ನೋಡಿದ್ದೆ. ನಿಮ್ಮ ಮಾತೇ ಖರೆ ಅಪ್ಪಾ" ಎಂದೆ. ಅಪ್ಪ ಇದ್ದ ಅರ್ಧ ಬಾಯಿಯಲ್ಲೇ ನಕ್ಕರು. ಆಪರೇಷನ್ ಆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಚೀಲಗಳನ್ನು ಹೊಲಿಸಿ ಒಟ್ಟಿಸಿದೆವು. ಬಿಸಿಲು ಬಂದರೆ ತಾನೇ ಒಣಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿ ಹೊಲಿದ ಚೀಲ ಕಲ್ಲಿನ ಕೋಣೆಯಲ್ಲಿ ಹೇಗೆ ಒಣಗುತ್ತದೆ? ನನಗೆ ಅಷ್ಟೂ ಗೊತ್ತಿಲ್ಲದೆ ಇರಲಿಲ್ಲ.

ಮುಂದಿನ ಮೃಗಶಿರ ಮಳೆಗೆ ಬಿತ್ತಲು ಬೀಜ ಒಯ್ದರು. ಐದು ಮನೆ, ಐದೂ ಬೇರೆ ಬೇರೆ ಊರು. ಎಲ್ಲಿಯೂ ಸರಿಯಾಗಿ ಹುಟ್ಟಲಿಲ್ಲ. ನಾಲ್ಕು ಮನೆಯವರು ಮಳೆಯನ್ನು ಬೈದು ಬೇರೆ ಬೀಜ ತಂದು ಮತ್ತೆ ಬಿತ್ತಿದರು. ನಮ್ಮ ಮೇಲೆ ಯಾರಿಗೂ ಎಳ್ಳಷ್ಟೂ ಸಂಶಯ ಬರಲಿಲ್ಲ. ಐದನೆಯವರು ಜಳಕೋಟದ ಕಡೆಯವರು. ಆ ಮನೆಯ ಹಿರಿಯ ಹೆಂಗಸು ಒಂದು ಮಧ್ಯಾಹ್ನ ಬೇರೆ ಬೀಜ ಕೇಳಲು ಅಂಗಡಿಗೆ ಬಂದಳು. ಜೊತೆಗೆ ಸೊಸೆ ಇದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರದ ಹುಡುಗಿ, ಕೈತುಂಬ ಹಸಿರು ಬಳೆ.

"ನಿಮ್ಮಲ್ಲಿಟ್ಟ ಬಿಯಾಣಿ ಬೀಜ ಬಂಗಾರದಂಥಾದು ರೀ ಸಾವಕಾರ್ರ," ಎಂದಳು ಹಿರಿಯಳು. "ನಮ್ಮದೇ ನಸೀಬ ಖೋಟಾ. ಹೊಸಾ ಸೊಸಿ ಅಂತ ಬಿತ್ತೋ ಕೂರಿಗಿ ಬಟ್ಟಲಿಗಿ ಮೊದಲನೇ ಹಿಡಿ ಈಕಿ ಕೈಲೇ ಹಾಕ್ಸಿದೆವು. ಈಕಿ ಕೈಗುಣ ಹಿಂಗ ಅದ ಅಂತ ಯಾರಿಗಿ ಗೊತ್ತಿತ್ತು? ಇಪ್ಪತ್ತ ವರ್ಷದಾಗ ನಮ್ಮ ಹೊಲ ಒಮ್ಮಿನೂ ಹಿಂಗ ಕೈ ಕೊಟ್ಟಿದ್ದಿಲ್ಲ."

ಆ ಹುಡುಗಿ ತನ್ನ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡಳು. ನಾನು ಬಾಯಿ ಬಿಟ್ಟಿದ್ದರೆ ಅವಳ ಮೇಲಿನ ಅಪವಾದ ತಪ್ಪುತ್ತಿತ್ತು. ಅಪ್ಪ ಎದುರಿಗೇ ಕೂತಿದ್ದರು. ಬಂದವರಿಗೆ ಚಹಾ ತರುತ್ತೇನೆ ಎಂದು ಹೇಡಿಯ ಹಾಗೆ ಒಳಗೆ ಹೋದೆ.

ಅವರು ಹೋದ ಮೇಲೆ ಅಪ್ಪ ಖಾತೆ ಪುಸ್ತಕ ತೆಗೆದು, ಬೀಜ ಹುಟ್ಟದ ಐದೂ ಊರಿನ ಹೆಸರಿನ ಮೇಲೆ ಒಂದೊಂದಾಗಿ ಬೆರಳಿಟ್ಟರು. ಆಮೇಲೆ ಹೇಳಿದರು: "ಆ ಮಷೀನ್ ನನ್ನ ಮುಂದ ಉಪ್ಪಿನ್ಯಾಗ ಇಡು."

ಇಟ್ಟೆ. ಮರುದಿನ ಡಬ್ಬಿಯನ್ನು ಅವರೇ ತೆಗೆದರು. ಅರವತ್ತೆರಡು.

"ನೀ ಆವಾಗ ಸರಿ ಮಾಡಿದ್ದಿ ಅಲ್ಲಾ? ಮತ್ತ ಯಾರು ತಿರುವ್ಯಾರ?"

"ನಾನೇ, ಅಪ್ಪಾ."

"ಯಾಕ?"

"ನಿಮ್ಮ ಮನಸಿಗಿ ಬ್ಯಾಸರ ಆಗ್ತದಂತ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಬಾಯಿ ಸತ್ತದ ಅಂತ ನಿನಗ ಗೊತ್ತಿತ್ತು. ನನಗೊಬ್ಬನಿಗಿ ಗೊತ್ತಿದ್ದಿಲ್ಲ," ಎಂದರು. ಡಬ್ಬಿಯ ಮುಚ್ಚಳ ಹಾಕಿ, "ಗಾಡಿ ಹೇಳು. ಆ ಹುಡುಗಿ ಮನಿಗಿ ಹೋಗಾಮು," ಎಂದರು.

ನಾವು ಹೋಗುವಷ್ಟರಲ್ಲಿ ಹುಡುಗಿ ಅಲ್ಲಿರಲಿಲ್ಲ. ಹಿಂದಿನ ಸಂಜೆಯೇ ಔರಾದ ಶಹಾಜನಿ ಕಡೆಯ ತವರಿಗೆ ಕಳಿಸಿಬಿಟ್ಟಿದ್ದರು. ಯಾವಾಗ ಕರೆತರುತ್ತೀರಿ ಎಂದು ಕೇಳಿದರೆ ಹಿರಿಯಳು, "ನೋಡಾಮು ರೀ," ಎಂದಳು. ಅವಳ ಮಗ ಅಂಗಳದಲ್ಲಿ ನಿಂತು ನೆಲ ನೋಡುತ್ತಿದ್ದ.

ಅಪ್ಪ ಕೂರಲಿಲ್ಲ. ತಮಗಿಂತ ಚಿಕ್ಕವಳಾದ ಆ ಹೆಂಗಸಿನ ಮುಂದೆ ಕೈ ಮುಗಿದು ನಿಂತರು. ತೊದಲುತ್ತ, ಎಂಜಲು ಒರೆಸಿಕೊಳ್ಳುತ್ತ ಹೇಳಿದರು: "ಬೀಜ ಹಸಿ ಇತ್ತವ್ವಾ. ನನಗ ತಿಳೀಲಿಲ್ಲ. ಸೊಸಿದು ಏನೂ ತಪ್ಪಿಲ್ಲ. ತಪ್ಪು ನಂದು."

ಹಿರಿಯಳು ಗಾಬರಿಯಾಗಿ ಅವರ ಕೈ ಬಿಡಿಸಿದಳು. "ಅಯ್ಯ, ಇದೇನ್ ಮಾಡ್ಲಕತ್ತೀರಿ ಸಾವಕಾರ್ರ? ನಿಮ್ಮ ಬಾಯಿ ಎಂದಾರ ಸುಳ್ಳಾಗ್ಯಾದ ಏನು? ಆಕಿ ನಿಮ್ಮ ಅಂಗಡ್ಯಾಗ ಮಾರಿ ಸಣ್ಣದು ಮಾಡ್ಯಾಳ, ನಿಮ್ಮ ಕರುಳು ಚುರುಕ್ ಅಂದಾದ. ನಿಮ್ಮಂಥಾ ಶರಣರು ಒಂದ್ ಹೆಣ್ಣಿನ ಸಲುವಾಗಿ ಸುಳ್ಳ ಹೇಳಬಾರದು ರೀ."

ನಾನು ಮುಂದೆ ಬಂದು, ಮಷೀನ್ ತಿರುಗಿಸಿದವಳು ನಾನು, ಗೊತ್ತಿದ್ದೂ ಹೊಲಿಸಿದವಳು ನಾನು ಎಂದು ಎಲ್ಲ ಹೇಳಿದೆ. ಅವಳು ನನ್ನ ತಲೆ ಸವರಿದಳು. "ನೋಡ್ರಿ, ಅಪ್ಪಗ ಮಾತು ಬರಬಾರದಂತ ಮಗಳು ತನ್ನ ಮ್ಯಾಲ ತಗೊಳ್ಲಕತ್ತಾಳ," ಎಂದು ಮಗನಿಗೆ ಹೇಳಿದಳು. ಎಂಥ ಮನೆತನ ಎಂದು ಅವಳ ಕಣ್ಣು ತುಂಬಿ ಬಂತು.

ಅಪ್ಪ ಟಾವೆಲ್ ಹೆಗಲಿಗೆ ಹಾಕಿಕೊಂಡು ಗಾಡಿಯ ಕಡೆ ನಡೆದರು. ಹೊರಡುವಾಗ ಆ ತಾಯಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಖಣ ಹಾಕಿ ಮನೆಮಗಳಿಗೆ ತುಂಬುವ ಹಾಗೆ ಉಡಿ ತುಂಬಿದಳು. ನಾನು ಸೆರಗು ಹಿಡಿದು ಕೂತೆ. ನಿನ್ನೆ ಸಂಜೆ ಆ ಹುಡುಗಿಯನ್ನು ಕಳಿಸುವಾಗ ಅವಳ ಉಡಿ ತುಂಬಿದ್ದಿರಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.