ಮೂರೂವರೆಯ ಕಡಲು

ಸೂರತ್ತಿನ ವರಾಛಾ ಕಡೆಯ ಆ ಗಲ್ಲಿಯಲ್ಲಿ ಮಂದಾಕಿನಿಯಮ್ಮನ ಮಾತು ಬಂದರೆ ಜನ ಹೇಳುತ್ತಿದ್ದದ್ದು ಒಂದೇ: ಅವರು ದಿನಾ ಮಧ್ಯಾಹ್ನ ಮೂರೂವರೆಗೆ ಕಡಲಿಗೆ ಹೋಗುತ್ತಾರೆ. ಗಲ್ಲಿಯ ಈ ತುದಿಯಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆ, ಆ ತುದಿಯಲ್ಲಿ ಸೀರೆಗೆ ಅಂಚು ಹೊಲಿಯುವ ಮನೆಗಳು. ನಡುವೆ ಎಲ್ಲಿಯ ಕಡಲು? ಆದರೂ ಆ ಹೊತ್ತಿನಲ್ಲಿ ಯಾರಾದರೂ ಅವರ ಮೆಟ್ಟಿಲು ಹತ್ತಲು ಹೊರಟರೆ ಎದುರು ಮನೆಯ ಹಂಸಾಬೇನ್ ಕಿಟಕಿಯಿಂದಲೇ ತಡೆಯುತ್ತಿದ್ದರು. "ಈಗ ಹೋಗಬೇಡಿ, ಬೇನ್ ನೀರಿನ ಮೇಲಿದ್ದಾರೆ. ನಾಲ್ಕೂವರೆಗೆ ದಡಕ್ಕೆ ಬರ್ತಾರೆ." ಗಂಡ ಹೋದ ಮೇಲೆ ಆಯಮ್ಮನ ತಲೆ ಸ್ವಲ್ಪ ಸಡಿಲಾಗಿದೆ ಎನ್ನುವವರೂ ಇದ್ದರು. ಅಂಥವರಿಗೆ ಹಂಸಾಬೇನ್, ಮೊದಲು ಅವರ ಕೈಯ ಒಂದು ಲೋಟ ಸಾರು ಕುಡಿದು ಬಾ, ಆಮೇಲೆ ಹೇಳು ಎನ್ನುತ್ತಿದ್ದರು.

ಕಡಲು ಇದ್ದದ್ದು ಒಂದು ಟ್ಯಾಬ್ಲೆಟ್ಟಿನ ಒಳಗೆ.

ಮಂದಾಕಿನಿ ಕುಂದಾಪುರದ ಕಡೆಯವರು. ಹತ್ತೊಂಬತ್ತನೆಯ ವಯಸ್ಸಿಗೆ ಸುಬ್ಬರಾಯರ ಕೈ ಹಿಡಿದು ಬಂದು, ಕೆಳಗೆ ಹೋಟೆಲು ಮೇಲೆ ಮನೆ ಇದ್ದ ಆ ಕಟ್ಟಡದಲ್ಲಿ ನಲವತ್ತು ವರ್ಷ ಬಾಳಿದರು. ಹೋಟೆಲಿನವರ ಬಾಳು ಹೇಗೆಂದರೆ, ಹೋಟೆಲು ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂಬುದು ಅವರಿಗೇ ತಿಳಿಯದು. ಕೆಳಗಿನ ಚಟ್ನಿ ಮೇಲಿನ ಊಟಕ್ಕೆ ಬರುತ್ತದೆ, ಮೇಲಿನ ಉಪ್ಪಿನಕಾಯಿ ಕೆಳಗಿನ ಎಲೆಗೆ ಹೋಗುತ್ತದೆ. ಮಕ್ಕಳಾಗಲಿಲ್ಲ. ಗಲ್ಲಾದ ಹಿಂದೆ ಕೂತು ಹೋಟೆಲು ನಡೆಸಿದವರು ಅವರೇ. ಮೂರು ವರ್ಷದ ಹಿಂದೆ ಸುಬ್ಬರಾಯರು ತೀರಿಕೊಂಡ ಮೇಲೆ ಮೈದುನನ ಮಗ ಪ್ರಶಾಂತ ಹೋಟೆಲು ವಹಿಸಿಕೊಂಡ. ಎರಡು ಬೀದಿ ಆಚೆ ಅವನ ಮನೆ. ದೊಡ್ಡಮ್ಮ, ನೀವಿನ್ನು ಆರಾಮಾಗಿರಿ ಎಂದು ಬಿಟ್ಟ. ಆರಾಮಾಗಿರುವುದು ಹೇಗೆ ಎಂದು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ.

ಉಡುಪಿ ಹೋಟೆಲಿನ ದಿನದಲ್ಲಿ ಒಂದು ಹೊತ್ತಿದೆ. ಮಧ್ಯಾಹ್ನದ ಊಟ ಮುಗಿದಿರುತ್ತದೆ, ಸಂಜೆಯ ತಿಂಡಿಗೆ ಇನ್ನೂ ಒಲೆ ಹಚ್ಚಿರುವುದಿಲ್ಲ. ಶಟರು ಅರ್ಧ ಇಳಿದಿರುತ್ತದೆ. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿಕೊಂಡು ಮಲಗಿರುತ್ತವೆ. ಒರೆಸಿದ ನೆಲದಲ್ಲಿ ಫ್ಯಾನಿನ ನೆರಳು ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಎಲ್ಲರೂ ನಿದ್ದೆ ಮಾಡುವ ಆ ಹೊತ್ತಿನಲ್ಲಿ ಮಂದಾಕಿನಿಗೆ ನಿದ್ದೆ ಬಾರದು. ಅದನ್ನು ಕಂಡು ಪ್ರಶಾಂತನ ಮಗಳು ತನ್ವಿ, ಕಾಲೇಜಿಗೆಂದು ವಡೋದರಾಕ್ಕೆ ಹೋಗುವ ಮುಂಚೆ, ತನ್ನ ಹಳೆಯ ಟ್ಯಾಬ್ಲೆಟ್ಟಿಗೆ ಒಂದು ಆಟ ಹಾಕಿಕೊಟ್ಟಳು. ಅದಕ್ಕೇನೋ ಇಂಗ್ಲಿಷ್ ಹೆಸರಿತ್ತು. ಮಂದಾಕಿನಿ ಅದನ್ನು ದೋಣಿಯಾಟ ಎಂದು ಕರೆದರು.

ಆ ಆಟದಲ್ಲಿ ಗೆಲ್ಲುವುದು ಸೋಲುವುದು ಏನೂ ಇರಲಿಲ್ಲ. ಒಂದು ಕಡಲು, ಅದರಲ್ಲಿ ಎಲ್ಲೆಲ್ಲಿಯದೋ ಜನರ ದೋಣಿಗಳು. ಗಾಳಿ ಬಂದ ಕಡೆ ಹೋಗಬೇಕು, ದ್ವೀಪ ಸಿಕ್ಕರೆ ಇಳಿಯಬೇಕು, ಕತ್ತಲಾದರೆ ದೀಪ ಹಚ್ಚಬೇಕು. ಇಬ್ಬರು ಒಪ್ಪಿದರೆ ಎರಡು ದೋಣಿಗಳನ್ನು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಮಾತಾಡುತ್ತ ಹೋಗಬಹುದು. ಒಂದು ದಿನ ಮಂಜಿನೊಳಗಿನಿಂದ ಒಂದು ಹೆಣ್ಣುದನಿ, "ಅಯ್ಯೋ, ಈ ಹಾಳು ಗಾಳಿ ಯಾಕಿಂಗ್ ಆಡ್ತಿದೆ" ಎಂದು ತನಗೆ ತಾನೇ ಗೊಣಗಿದ್ದು ಕೇಳಿಸಿತು. ಮಂದಾಕಿನಿ, "ಹಾಯಿ ಸ್ವಲ್ಪ ಇಳಿಸು ಮಗಾ" ಎಂದರು. ಅಷ್ಟೇ. ಅಂದಿನಿಂದ ಹಗ್ಗ ಬಿಚ್ಚಲಿಲ್ಲ.

ಆಟದಲ್ಲಿ ಆ ಹುಡುಗಿಯ ಹೆಸರು ಬೆಳ್ಳಿಮೀನು. ಮೊದಲ ದಿನವೇ ಅವಳೊಂದು ಕರಾರು ಹಾಕಿದ್ದಳು. "ಅಜ್ಜಿ, ಬಾಡಿಗೆ ಮನೆ ಹುಡುಕೋವಾಗ ಹೆಸರು, ಊರು, ಜಾತಿ, ಅಡುಗೆ ಎಲ್ಲಾ ಹೇಳಿ ಹೇಳಿ ನಂಗೆ ಸಾಕಾಗೋಗಿದೆ. ಇಲ್ಲಿ ಅದ್ಯಾವುದೂ ಬೇಡ. ನೀವೂ ಕೇಳ್ಬೇಡಿ, ನಾನೂ ಕೇಳಲ್ಲ." ಮಂದಾಕಿನಿ ಆಗಲಿ ಎಂದರು. ನಲವತ್ತು ವರ್ಷ ಗಿರಾಕಿಗಳ ಹೆಸರು ಕೇಳದೆಯೇ ಬಡಿಸಿದವರಿಗೆ ಅದೇನೂ ಹೊಸದಲ್ಲ. ಹಾಗಾಗಿ ಒಂದು ವರ್ಷ ಕಳೆದರೂ ಅವಳು ಯಾವ ಊರಿನಲ್ಲಿದ್ದಾಳೆ, ಫೋನ್ ನಂಬರೇನು, ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ತಾಯಿ ಇಲ್ಲ, ಗಂಡನಿಗೆ ಪಾಳಿಯ ಕೆಲಸ, ಮತ್ತು ಅವಳೀಗ ಬಸುರಿ, ಎಂಟು ತಿಂಗಳು ತುಂಬಿ ಒಂಬತ್ತರಲ್ಲಿದೆ.

ವೈಶಾಖದ ಒಂದು ಭಾನುವಾರ ಬೆಳ್ಳಿಮೀನು ಹುಟ್ಟು ಹಾಕುವುದನ್ನು ನಿಲ್ಲಿಸಿ ಹೇಳಿದಳು. "ನಾಳೆ ನಿಮ್ಮನ್ನ ಒಂದು ಮಾತು ಕೇಳ್ತೀನಿ. ಆಗಲ್ಲ ಅಂದ್ರೂ ಬೇಜಾರಿಲ್ಲ."

"ಇವತ್ತೇ ಕೇಳು ಮಾರಾಯ್ತಿ."

"ಇಲ್ಲ, ಇವತ್ತು ಧೈರ್ಯ ಇಲ್ಲ. ನಾಳೆ."

ಮರುದಿನ ಮೂರೂವರೆಗೆ ಮಂದಾಕಿನಿ ಟ್ಯಾಬ್ಲೆಟ್ ತೆರೆದರೆ ಕಡಲೇ ಬರಲಿಲ್ಲ. ಬಿಳಿ ಪರದೆಯ ನಡುವೆ ಒಂದು ಬಳೆ ತಿರುಗುತ್ತಿತ್ತು, ತಿರುಗುತ್ತಲೇ ಇತ್ತು. ವೈಫೈ ಪೆಟ್ಟಿಗೆಯನ್ನು ಆರಿಸಿ, ಇಡ್ಲಿಗೆ ಆವಿ ಬರುವಷ್ಟು ಹೊತ್ತು ಕಾದು, ಮತ್ತೆ ಹಾಕಿದರು. ಅಕ್ಕಿ ಡಬ್ಬಿಯ ಮೇಲಿದ್ದದ್ದನ್ನು ಕಿಟಕಿಗೆ ತಂದಿಟ್ಟರು. ಬಳೆ ತಿರುಗಿತು. ಕೊನೆಗೆ ತನ್ವಿಗೆ ಫೋನ್ ಮಾಡಿದರು.

"ಅಜ್ಜಿ, ಬಾಕಿ ಎಲ್ಲಾ ಚಾಲೂ ಇದೆಯಾ? ವೀಡಿಯೋ? ಭಜನೆ?"

"ಭಜನೆ ಕೇಳ್ತದೆ. ಕಡಲು ಮಾತ್ರ ಇಲ್ಲೆ."

"ಅಂದ್ರೆ ನೆಟ್ ಠೀಕ್ ಇದೆ. ಗೇಮ್ ಸರ್ವರ್ ಕೂಡ ಠೀಕ್ ಇದೆ, ನಂದು ಇಲ್ಲಿ ಓಪನ್ ಆಗ್ತಾ ಇದೆ. ಪಪ್ಪಾದು ಫೋನ್ ಹಾಟ್‌ಸ್ಪಾಟ್ ತಗೊಂಡು ಟ್ರೈ ಮಾಡು."

ಪ್ರಶಾಂತನ ಫೋನಿನ ನೆಟ್ಟಿಗೆ ಕಡಲು ಬಂತು. ಬಂದದ್ದೇನೋ ನಿಜ, ಆದರೆ ಆ ಗಲ್ಲಿಯ ಎತ್ತರದ ಗೋಡೆಗಳ ನಡುವೆ ಸಿಗ್ನಲ್ಲು ಒಂದೇ ಗೀಟು. ಅಲೆಗಳು ನಿಂತಲ್ಲೇ ಗಾಜಾಗಿದ್ದವು. ದೂರದಲ್ಲಿ ಬೆಳ್ಳಿಮೀನಿನ ದೀಪ ಕಂಡಿತು, ಹಗ್ಗದ ಅಳತೆಯಲ್ಲೇ. ಕೂಗಿದರೆ ದನಿ ಹೋಗಲಿಲ್ಲ. ಮಂಗಳವಾರ ಅದೇ ಫೋನ್ ಹಿಡಿದು ತಾರಸಿಗೆ ಹತ್ತಿದರು. ಅಲ್ಲಿ ಸಿಗ್ನಲ್ಲು ಧಾರಾಳ, ಬಿಸಿಲೂ ಧಾರಾಳ. ಕಡಲು ಪೂರ್ತಿ ತೆರೆಯುವ ಮೊದಲೇ, ನಾಲ್ಕು ನಿಮಿಷಕ್ಕೆ, ಟ್ಯಾಬ್ಲೆಟ್ಟು ತನಗೆ ಸೆಕೆಯಾಗುತ್ತಿದೆ ಎಂದು ಬರೆದು ಕಣ್ಣು ಮುಚ್ಚಿತು.

"ಹಾಗಾದ್ರೆ ಪಕ್ಕಾ," ಎಂದಳು ತನ್ವಿ. "ನಮ್ಮ ವೈಫೈ ಕಂಪನಿಯವರೇ ಗೇಮ್ ಬ್ಲಾಕ್ ಮಾಡಿದ್ದಾರೆ."

"ನಾನು ಅವರಿಗೆ ಎಂತ ಮಾಡಿದೆ?"

ಬುಧವಾರ ತನ್ವಿ ಫೋನಿನಲ್ಲೇ ಒಂದೊಂದಾಗಿ ಹೇಳಿಕೊಡುತ್ತ ಸೆಟ್ಟಿಂಗಿನಲ್ಲಿ ಎಂಟರ ಮೇಲೆ ಎಂಟು ಒತ್ತಿಸಿದಳು. ಆಟದ ವಿಳಾಸವನ್ನು ಬೇರೆಯವರ ಹತ್ತಿರ ಕೇಳುವ ದಾರಿಯಂತೆ ಅದು. ಆಗಲಿಲ್ಲ. ಗುರುವಾರ ಇನ್ನೊಂದು ಆಪ್ ಹಾಕಿಸಿದಳು. ಅದು ನಮ್ಮ ಸಂಪರ್ಕವನ್ನು ಹೊರದೇಶದ ದಾರಿಯಲ್ಲಿ ಸುತ್ತಿಸಿ ತರುತ್ತದಂತೆ. ಕಡಲು ತೆರೆಯಿತು. ಆದರೆ ಅದು ಬೇರೆ ಕಡಲು. ನೀರು ಸೀಸದ ಬಣ್ಣ, ಆಕಾಶದಲ್ಲಿ ಗುರುತಿಲ್ಲದ ಚುಕ್ಕಿಗಳು, ಹಾದುಹೋಗುವ ದೋಣಿಗಳಲ್ಲಿ ಗಂಟಲೊಳಗಿನ ಯಾವುದೋ ಭಾಷೆ. ಮಂದಾಕಿನಿ ಆ ತಣ್ಣನೆಯ ನೀರಿನಲ್ಲಿ ಒಂದು ಗಂಟೆ "ಮೀನೂ, ಮೀನೂ" ಎಂದು ಕರೆಯುತ್ತ ತಿರುಗಿದರು. ಯಾರೋ ಒಬ್ಬ ಮುದುಕ ತನ್ನ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸಿ, ಮರ್ಯಾದೆ ಮಾಡಿ ದಾಟಿಹೋದ.

ಕಟ್ಟಿದ ಹಗ್ಗ ಏಳು ದಿನ ಜೋಡಿಯಾಗಿ ಸಾಗದಿದ್ದರೆ ತಾನೇ ಬಿಚ್ಚಿಕೊಳ್ಳುತ್ತದೆ, ಅದು ಆಟದ ನಿಯಮ. ಬಿಚ್ಚಿದರೆ ಲಕ್ಷ ದೋಣಿಗಳಲ್ಲಿ ಹೆಸರಿಲ್ಲದ ಒಬ್ಬ ಬಸುರಿಯನ್ನು ಎಲ್ಲಿ ಹುಡುಕುವುದು?

ಶುಕ್ರವಾರ ಕಂಪನಿಗೆ ದೂರು ಕೊಟ್ಟಿದ್ದಕ್ಕೆ ನಿತಿನ್‌ಭಾಯ್ ಎಂಬ ಲೈನಿನವನು ಬಂದ. ತಂತಿಯ ತುದಿ ಕತ್ತರಿಸಿ ಹೊಸ ಪಿನ್ನು ಕೂಡಿಸಿದ, ಫಿಲ್ಟರ್ ಕಾಫಿ ಕುಡಿದ, ಇನ್ನೊಂದು ಲೋಟ ಕೇಳಿ ಕುಡಿದ. "ಮಾಸಿ, ಲೈನ್ ಏಕ್‌ದಮ್ ಕ್ಲಿಯರ್."

"ಲೈನ್ ಕ್ಲಿಯರ್ ಇದ್ರೆ ನನ್ನ ದೋಣಿ ಯಾಕೆ ಬರೋದಿಲ್ಲ? ಆಫೀಸಿಗೆ ಕೇಳಿ, ಕಾಣುವ. ಕೇಳುವವರೆಗೆ ಮೂರನೇ ಲೋಟ ಇಲ್ಲ."

ನಿತಿನ್‌ಭಾಯ್ ನಗುತ್ತ ಆಫೀಸಿಗೆ ಫೋನ್ ಹಚ್ಚಿದ. ಸ್ವಲ್ಪ ಹೊತ್ತು ಹೂಂಗುಟ್ಟಿದವನು ಆಮೇಲೆ ಅವರ ಮುಖವನ್ನೇ ನೋಡಿದ. "ಮಾಸಿ, ಈ ಕನೆಕ್ಷನ್ನಿಗೆ ಯಾವ ಗೇಮೂ ಹೋಗಬಾರದು ಅಂತ ಗಿರಾಕಿಯೇ ಬರೆದು ಕೊಟ್ಟಿದ್ದಾರಂತೆ. ಆರು ವರ್ಷದ ಹಿಂದೆ. ಸಹಿ ಮಂದಾಕಿನಿಬೇನ್ ಸುಬ್ಬರಾಯ."

ಮಂದಾಕಿನಿ ಮೂರನೇ ಲೋಟಕ್ಕೆ ಕಾಫಿ ಬಗ್ಗಿಸಿದರು.

ಆರು ವರ್ಷದ ಹಿಂದೆ ಹೋಟೆಲಿನ ದೋಸೆಭಟ್ಟ ಹಾಲೇಶ ಕಾವಲಿಯ ಮುಂದೆ ನಿಂತು ಫೋನಿನಲ್ಲಿ ಕಾರು ಓಡಿಸುತ್ತಿದ್ದ. ಒಂದು ಸಾಲು ಮಸಾಲೆ ದೋಸೆ ಕರಿ ಇದ್ದಲಾಯಿತು. ಗಲ್ಲಾದಿಂದ ಎದ್ದ ಮಂದಾಕಿನಿ ಅದೇ ದಿನ ಕಂಪನಿಗೆ ಹೋಗಿ, ಹೋಟೆಲಿನ ವೈಫೈಯಲ್ಲಿ ಒಂದೇ ಒಂದು ಆಟ ನಡೆಯಕೂಡದು ಎಂದು ಬರೆದು ಕೊಟ್ಟು ಬಂದಿದ್ದರು. ಮೇಲಿನ ಮನೆಗೆ ಬೇರೆ ಲೈನು ಇತ್ತು; ಪ್ರಶಾಂತನ ಮನೆಯಲ್ಲಿ ವೈಫೈ ಇಲ್ಲದ್ದರಿಂದ ತನ್ವಿ ಇಲ್ಲಿಗೆ ಬಂದು ಓದಲೆಂದು ಹಾಕಿಸಿದ್ದು. ಕಳೆದ ವಾರ ಪ್ರಶಾಂತ, ಒಂದೇ ಕಟ್ಟಡಕ್ಕೆ ಎರಡು ಲೈನು ಯಾಕೆ ಎಂದು ಎರಡನ್ನೂ ಒಂದು ಮಾಡಲು ಕಾಗದ ಕೊಟ್ಟಿದ್ದ, ಸೋಮವಾರ ಅದು ಜಾರಿಗೆ ಬಂದಿತ್ತು. ಆ ಕಾಗದಕ್ಕೂ ಓದದೆ ಸಹಿ ಹಾಕಿದವರು ಅವರೇ. ಕೆಳಗಿನ ಚಟ್ನಿ ಬರುತ್ತಿದ್ದ ಹಾಗೆ, ಕೆಳಗಿನ ಬೀಗವೂ ಮೆಟ್ಟಿಲು ಹತ್ತಿ ಮನೆಗೆ ಬಂದಿತ್ತು.

ಈಗ ತೆಗೆಸಬೇಕಾದರೆ ಪೂರ್ತಿ ತೆಗೆಸಬೇಕು. ಮೇಲೆ ಒಂದು ಕೆಳಗೆ ಒಂದು ಆಗದು. ಪ್ರಶಾಂತ ತಲೆ ಕೆರೆದುಕೊಂಡ. "ದೊಡ್ಡಮ್ಮ, ಹಾಲೇಶಣ್ಣನ ಕೈಗೆ ಮತ್ತೆ ಆಟ ಸಿಕ್ಕಿದ್ರೆ ಹೋಟೆಲು ಮುಚ್ಚಿದ ಹಾಗೇ."

ಮಂದಾಕಿನಿ ತಾವೇ ಕೆಳಗಿಳಿದರು. ವಿರಾಮದ ಹೊತ್ತು. ಹಾಲೇಶ ಹಿಟ್ಟಿನ ಡ್ರಮ್ಮಿಗೆ ಒರಗಿ ಕಾಲು ಚಾಚಿದ್ದವನು ಎದ್ದು ಕೂತ. ಅವರು ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು.

ಹಾಲೇಶ ದಾವಣಗೆರೆಯವನು, ಮಾತು ನುಂಗುವವನಲ್ಲ. "ಅಲ್ರೀ ಅಮ್ಮಾರ, ಎಂಟು ದೋಸೆ ಸೀದಿದ್ದಕ್ಕ ಆರು ವರ್ಷ ಜೈಲು ಹಾಕಿದ್ರಿ. ಈಗ ಜೈಲಿನಾಗ ನೀವೂ ಬಂದು ಬಿದ್ರಿ ಅಂತ ನಮ್ಮನ್ನ ಬಿಡಾಕ ಬಂದೀರೇನು?"

"ಹೌದು ಹಾಲೇಶ. ಹಾಗೇ ಅಂದ್ಕೊ."

ಅವನು ನಕ್ಕ. ಆಮೇಲೆ ನಗು ಬಿಟ್ಟು, "ಆ ಹುಡುಗಿಗೆ ದಿನ ತುಂಬ್ಯಾವೇನ್ರಿ?" ಎಂದು ಕೇಳಿದ. ಹೌದೆಂದರು. "ಸಹಿ ಹಾಕಿ ಬರ್ರಿ. ಕಾವಲಿ ಬಿಸಿ ಇರೋ ಮಟ ನನ್ನ ಫೋನು ಗಲ್ಲಾದಾಗ ಇರ್ತೈತಿ. ಪ್ರಶಾಂತಣ್ಣನ ಕೈಯಾಗ ಕೊಡ್ತೀನಿ."

ಶನಿವಾರ ಕಾಗದ ಕೊಟ್ಟರು. ಭಾನುವಾರ ಏಳನೆಯ ದಿನ. ಮೂರೂವರೆಗೆ ಬಳೆ ತಿರುಗಿತು. ಮೂರೂ ಮುಕ್ಕಾಲಿಗೂ ತಿರುಗಿತು. ನಾಲ್ಕು ಗಂಟೆಗೆ, ಕೆಳಗೆ ಯಾರೋ ಬಕೆಟ್ಟು ಎಳೆಯುವ ಸದ್ದು ಕೇಳುತ್ತಿರುವಾಗ, ಬಿಳಿ ಪರದೆ ನಿಧಾನವಾಗಿ ನೀಲಿಯಾಯಿತು. ಅವರ ಕಡಲು, ಅವರ ಚುಕ್ಕಿಗಳು. ಹಗ್ಗ ಒಂದೇ ಎಳೆಯಷ್ಟು ತೆಳುವಾಗಿ ಹೊಳೆಯುತ್ತಿತ್ತು, ಅದರ ಆ ತುದಿಯಲ್ಲಿ ದೀಪ.

"ಮೀನೂ."

ಆ ದೀಪ ಒಮ್ಮೆ ಆರಿ ಹೊತ್ತಿತು. ಆಮೇಲೆ, "ಅಜ್ಜಿ? ಎಲ್ಲಿಗೋಗಿದ್ರಿ? ನಾನು ಏನೇನೋ ಅಂದ್ಕೊಂಡೆ."

"ಎಂತ ಹೇಳುದು ಮಗಾ, ನಾನೇ ಬಾಗಿಲು ಹಾಕಿ ನಾನೇ ಮರ್ತಿದ್ದೆ. ಈಗ ಕೇಳು, ಎಂತ ಕೇಳ್ಬೇಕಿತ್ತು?"

ಹುಡುಗಿ ಒಂದೇ ಉಸಿರಿಗೆ ಕೇಳಿಬಿಟ್ಟಳು. ತಾಯಿ ಇಲ್ಲ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ಮಗುವಿಗೆ ನೀರು ಹಾಕುವವರು ಯಾರೂ ಇಲ್ಲ. ಒಂದು ಬಾಣಂತನಕ್ಕೆ ಬರುತ್ತೀರಾ? "ಹೆಸರು ಊರು ಕೇಳ್ಬೇಡಿ ಅಂದೋಳು ನಾನೇ. ಈಗ ಯಾವ ಮುಖ ಇಟ್ಕೊಂಡು ಕೇಳಲಿ ಅಂತ..."

"ಮುಖ ಬಿಡು. ಎಲ್ಲಿದ್ದಿ ಹೇಳು."

"ನನ್ನ ಹೆಸರು ನಮಿತಾ. ಹಾಸನದೋಳು. ನನ್ನ ಯಜಮಾನ್ರು ಆದರ್ಶ ಅಂತ. ನಾವಿರೋದು ಬಹಳ ದೂರ ಅಜ್ಜಿ, ಗುಜರಾತಲ್ಲಿ. ಅಹಮದಾಬಾದಿನ ನರೋಡಾ ಅಂತ."

ಮಂದಾಕಿನಿ ನಕ್ಕ ನಗುವಿಗೆ ಟ್ಯಾಬ್ಲೆಟ್ಟು ತೊಡೆಯಿಂದ ಜಾರಿತು. ಸೂರತ್ತಿನಿಂದ ಅಹಮದಾಬಾದಿಗೆ ರೈಲಿನಲ್ಲಿ ನಾಲ್ಕು ತಾಸು. ವರ್ಷವಿಡೀ ಅವರು ಆ ಹುಡುಗಿಯನ್ನು ಭೂಮಿಯ ಯಾವುದೋ ಅಂಚಿನಲ್ಲಿ ಕಲ್ಪಿಸಿಕೊಂಡಿದ್ದರು. "ನರೋಡಾದಲ್ಲಿ ಒಳ್ಳೆ ಬೆಳ್ಳುಳ್ಳಿ ಸಿಗ್ತದಾ? ಬೇಡ, ನಾನೇ ತರ್ತೆ," ಎಂದರು.

ಮೂರನೆಯ ದಿನ ಬೆಳಿಗ್ಗೆ ಹೊರಟರು. ಬಾಣಂತಿ ಲೇಹ್ಯದ ಭರಣಿ, ಹಳೆಯ ಹತ್ತಿ ಸೀರೆಗಳ ಗಂಟು, ಮಗುವಿಗೆ ಎಣ್ಣೆ ಕಾಯಿಸಲು ಒಂದು ಕಬ್ಬಿಣದ ಬಾಣಲೆ. ತನ್ವಿಗೆ ಮೊದಲ ನೀರು ಹಾಕಿದವರೂ ಅವರೇ. ಆ ಕೆಲಸ ಕೈಗೆ ನೆನಪಿತ್ತು. ನಲವತ್ತು ದಿನ, ಹೆಚ್ಚೆಂದರೆ ಎರಡು ತಿಂಗಳು ಎಂದುಕೊಂಡಿದ್ದರು. ಹೆಣ್ಣು ಮಗು ಹುಟ್ಟಿತು, ಎರಡು ತಿಂಗಳು ಐದಾಯಿತು. ಅಷ್ಟರಲ್ಲಿ ಗಲ್ಲಿಯ ಆ ಹಳೆಯ ಕಟ್ಟಡವನ್ನು ಮಾಲೀಕರು ಒಡೆಸಲು ಕೊಟ್ಟರು. ಪ್ರಶಾಂತ ಹೋಟೆಲನ್ನೂ ದೊಡ್ಡಮ್ಮನ ಸಾಮಾನುಗಳನ್ನೂ ನದಿಯಾಚೆಯ ಅಡಾಜಣಕ್ಕೆ ಸಾಗಿಸಿದ. ಹಾಗಾಗಿ ಆ ಬೆಳಗಿನದೇ ಆ ಮನೆಯಿಂದ ಅವರ ಕೊನೆಯ ಹೊರಡುವಿಕೆಯಾಯಿತು. ಅದು ಆಗ ಅವರಿಗೂ ಗೊತ್ತಿರಲಿಲ್ಲ, ಗಲ್ಲಿಗೂ ಗೊತ್ತಿರಲಿಲ್ಲ.

ಅದಕ್ಕೇ ಅವರು ತಿರುಗಿ ನೋಡಲಿಲ್ಲ. ಉಳಿದ ಹಾಲಿಗೆ ಹೆಪ್ಪು ಹಾಕಿ ಕೆಳಗೆ ಹೋಟೆಲಿಗೆ ಕಳಿಸಿದರು. ದೇವರ ಮುಂದಿನ ನೆನ್ನೆಯ ಹೂ ತೆಗೆದರು. ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಯನ್ನು ಪ್ರಶಾಂತನ ಅಂಗಿಯ ಜೇಬಿಗೆ ಹಾಕಿದರು. ಭರಣಿಯನ್ನು ಮಾತ್ರ ಯಾರ ಕೈಗೂ ಕೊಡದೆ ಸೊಂಟಕ್ಕೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ಆಟೋ ಹತ್ತಿ ಕೂತರು. ಆಟೋದವನು ಮಾಸಿ, ಎಲ್ಲಿಗೆ ಎಂದ.

"ಸ್ಟೇಷನ್ನಿಗೆ. ಹೊಂಡ ನೋಡಿ ಓಡಿಸಪ್ಪ, ಲೇಹ್ಯ ಇದೆ."