ವಿರೂಪಣ್ಣನ ಬತ್ತಿದ ಬೋರು

ಮಾನ್ವಿಯ ವಿರೂಪಣ್ಣ ಅಂಜುಬುರುಕನೇನಲ್ಲ. ಬಾಯ್ಲರಿನ ಬೆಂಕಿಯ ಮುಂದೆ ಅರ್ಧ ಆಯುಷ್ಯ ಕಳೆದವನು. ದೇವದುರ್ಗದ ರಸ್ತೆಯಲ್ಲಿರುವ ತನ್ನ ರೈಸ್ ಮಿಲ್ಲಿನಲ್ಲಿ, ಭತ್ತ ಎಷ್ಟು ಬೆಂದಿದೆ ಎಂದು ವಾಸನೆ ಹಿಡಿದೇ ಹೇಳುವವನು. ಅಂಥವನ ನಿದ್ದೆಯನ್ನು ಈ ಬೇಸಿಗೆಯಲ್ಲಿ ಕೆಡಿಸಿದ್ದು ಮಗ ಅಂಬರೀಶ ತಂದ ಸುದ್ದಿ.

ರಾಯಚೂರಿನ ದೊಡ್ಡ ವ್ಯಾಪಾರಿಯೊಬ್ಬ, ಪರಿಸರ ನಿರ್ವಹಣೆಯ ಸರ್ಟಿಫಿಕೇಟ್ ಇದ್ದ ಮಿಲ್ಲಿನ ಅಕ್ಕಿಯನ್ನಷ್ಟೇ ಕೊಳ್ಳುತ್ತೇನೆ ಎಂದಿದ್ದನಂತೆ. ಹೊಗೆ, ಬೂದಿ, ಕೊಳೆನೀರು ಎಲ್ಲಿ ಹೋಗುತ್ತವೆಂದು ತೋರಿಸಬೇಕು, ತಪ್ಪಿದ್ದನ್ನು ತಿದ್ದಬೇಕು, ಹೊರಗಿನವರು ಬಂದು ನೋಡುತ್ತಾರೆ.

“ಖರ್ಚು ಅದ ಯಪ್ಪಾ, ಇಲ್ಲ ಅನ್ನಂಗಿಲ್ಲ. ನೀರು ಶುದ್ಧ ಮಾಡೋ ತೊಟ್ಟಿ ಕಟ್ಟಬೇಕು. ಆದ್ರ ಅದ ನೀರು ತಿರುಗಿ ನೆಲ್ಲು ನೆನಸಾಕ ಬರ್ತದ, ಬಾಯ್ಲರಿನ್ಯಾಗ ಹೊಟ್ಟು ಕಮ್ಮಿ ಉರೀತದ, ಗಿರಾಕಿನೂ ಕೈಬಿಡಂಗಿಲ್ಲ.”

“ಎಲ್ಲಾ ತೋರಿಸಿದ್ರ ನಮ್ಮ ಜುಟ್ಟು ಅವರ ಕೈಯಾಗ ಕೊಟ್ಟಂಗಲ್ಲೇನಲೇ?”

ಮಗ ನಕ್ಕ. ವಿರೂಪಣ್ಣ ನಗಲಿಲ್ಲ. ಭತ್ತ ನೆನೆಸಿದ ಹುಳಿನಾತದ ನೀರನ್ನು ಆತ ಹಿತ್ತಲಿನ ಬತ್ತಿದ ಬೋರಿನೊಳಗೆ ಬಿಡುತ್ತ ಬಂದಿದ್ದ. ಹಳ್ಳಕ್ಕೆ ಬಿಟ್ಟರೆ ಕುರಿಗಳು ಕುಡಿದಾವು ಎಂಬ ಕರುಣೆ, ಭೂತಾಯಿಯ ನೀರು ಭೂತಾಯಿಗೇ ಸೇರಲಿ ಎಂಬ ಭಕ್ತಿ ಬೇರೆ. ಪುಣ್ಯದ ಕೆಲಸವೆಂದು ಮಂದಿಯ ಮುಂದೆ ಹೇಳಿಕೊಂಡದ್ದೂ ಉಂಟು!

ಮೊದಲು ನೀರಿನ ಪರೀಕ್ಷೆ ಆಗಲೆಂದು ಅಂಬರೀಶ ಮಿಲ್ಲಿನ ಕುಡಿಯುವ ನೀರಿನ ಬೋರಿನಿಂದ ಬಾಟಲಿ ತುಂಬಿದ. ಆ ಬೋರಿಗೂ ಬತ್ತಿದ ಬೋರಿಗೂ ನಡುವೆ ಇದ್ದದ್ದು ಒಂದೇ ಒಂದು ಬೇವಿನ ಮರ. ಇಷ್ಟು ವರ್ಷ ಲಕ್ಷ್ಯಕ್ಕೇ ಬಾರದ ಈ ಸಂಗತಿ ವಿರೂಪಣ್ಣನಿಗೆ ಆಗ ಹೊಳೆಯಿತು. ತಾನು ಬಿಟ್ಟ ಕೊಳೆನೀರು ನೆಲದಡಿಯಲ್ಲೇ ಅತ್ತ ಹರಿದಿದ್ದರೆ?

ಮಗ ಬಾಟಲಿ ಹಿಡಿದು ರಾಯಚೂರಿಗೆ ಹೋದ. ಲಾಭ ನಷ್ಟದ ಮಾತೆಲ್ಲ ವಿರೂಪಣ್ಣನ ತಲೆಯಿಂದ ಹಾರಿಹೋಯಿತು. ಹೆಂಡತಿ ಶರಣಮ್ಮ ಪ್ರತಿ ಬೇಸಿಗೆ ಮಿಲ್ಲಿನ ಮುಂದೆ ಅರವಟಿಗೆ ಇಡುತ್ತಾಳೆ. ಬಸ್ಸಿಗೆ ಕಾಯುವವರು, ಕುರಿ ಕಾಯುವವರು, ಎಲ್ಲರೂ ಕುಡಿಯುವುದು ಆ ಬೋರಿನ ನೀರನ್ನೇ. ಹೋದ ವರ್ಷ ಯಾರಿಗೆ ಹೊಟ್ಟೆನೋವು ಬಂದಿತ್ತು? ಯಾರ ಕೂಸಿಗೆ ವಾಂತಿಯಾಗಿತ್ತು? ನೆನೆದಷ್ಟೂ ಹೆದರಿಕೆ ಹೆಚ್ಚಿತು.

ಹೊರಗೆ ಬಂದು ನೋಡಿದರೆ, ಗಬ್ಬೂರಿನ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು ಕಂಕುಳಿನ ಕೂಸಿನ ಬಾಯಿಗೆ ಲೋಟ ಹಿಡಿದಿದ್ದಾಳೆ. ವಿರೂಪಣ್ಣ ಓಡಿಹೋಗಿ ಲೋಟ ಕಸಿದುಕೊಂಡ. ಕೂಸು ಕಿರುಚಿ ಅಳತೊಡಗಿತು.

“ಯಾಕ್ರೀ ಯಪ್ಪಾ?” ಆಕೆಯ ಮುಖ ಕಪ್ಪಿಟ್ಟಿತು. “ನಮ್ಮಂಥವರು ಮುಟ್ಟಬಾರದೇನ್ರೀ?”

ಸುತ್ತಲಿನ ಮಂದಿ ತಿರುಗಿ ನೋಡಿದರು. ನಿಜ ಹೇಳಿದರೆ ಮಿಲ್ಲು ಮುಚ್ಚಬಹುದು ಎಂಬ ಭಯದಲ್ಲೇ ವಿರೂಪಣ್ಣ ಲೋಟದ ನೀರನ್ನು ನೆಲಕ್ಕೆ ಚೆಲ್ಲಿದ.

“ಅದಲ್ಲವ್ವಾ,” ಅಂದ ಕಡೆಗೆ. “ನೀರು ಕೆಟ್ಟಿರಬೇಕು. ನಾನ ಕೆಡಿಸೀನಿ.”

ಆಕೆ ಕೂಸನ್ನು ಎದೆಗೆ ಅವುಚಿಕೊಂಡಳು.

“ಇವ ಆಗಲೇ ಒಂದು ಲೋಟ ಕುಡದಾನಲ್ರೀ...”